ಹಿಟ್ಟು ಎಂದು ನಾನು ಹೇಳಿದ ಪುಡಿ

ಅಪ್ಪನ ಬುದ್ಧಿ ಕೆಡಿಸಿದ್ದು ಅಮ್ಮ ಕದ್ದು ಕೊಟ್ಟ ಪುಡಿ ಎಂದು ನಮ್ಮ ಸಂಬಂಧಿಕರೆಲ್ಲ ಹೇಳುತ್ತಾರೆ. ಪುಡಿ ಕೊಟ್ಟದ್ದು ನಿಜ. 'ಕದ್ದು' ಎಂಬುದು ಎಲ್ಲಿಂದ ಬಂತು? ಅಮ್ಮ ಅದನ್ನು ದಿನಾ ಬೆಳಿಗ್ಗೆ, ನಾನು ದೋಸೆ ತಿನ್ನುತ್ತಿದ್ದ ಮೇಜಿನ ಮೇಲೆಯೇ ಹಾಲಿನಲ್ಲಿ ಕದಡಿ ಕೊಡುತ್ತಿದ್ದಳು. ನಾನು ನೋಡುತ್ತಿದ್ದೆ. ತಮಾಷೆಯನ್ನೂ ಮಾಡುತ್ತಿದ್ದೆ.

ಅಪ್ಪ ಬದಿಯಡ್ಕದಲ್ಲಿ ವರ್ಷಗಟ್ಟಲೆ ಬಾಡಿಗೆ ಜೀಪು ಓಡಿಸಿದವರು. ಕೈ ನಡುಗತೊಡಗಿ, ಅದು ಪಾರ್ಕಿನ್ಸನ್ ಎಂದು ಗೊತ್ತಾದ ಮೇಲೆ ಮಂಗಳೂರಿನ ಡಾಕ್ಟರ ಮಾತ್ರೆ ಶುರುವಾಯಿತು. ಅಮ್ಮನಿಗೆ ಅಷ್ಟು ಸಾಲದೆ ಊರಿನ ಆಯುರ್ವೇದ ಪಂಡಿತರಲ್ಲಿ ಹೋಗಿ ಪುಡಿ ತಂದಳು.

"ಇದರಲ್ಲಿ ಎಂತ ಉಂಟು ಅಂತಲಾದರೂ ಗೊತ್ತುಂಟಾ ನಿನಗೆ?"

"ನಸುಗುನ್ನಿ ಬೀಜವಂತೆ. ನರಕ್ಕೆ ಒಳ್ಳೆಯದಂತೆ."

"ಮುಟ್ಟಿದರೆ ತುರಿಸುವ ಬಳ್ಳಿಯಾ? ಸರಿ, ನಡುಗುವುದರ ಜೊತೆ ಅಪ್ಪ ಇನ್ನು ತುರಿಸಿಕೊಳ್ಳಲಿ."

ಅಪ್ಪ ನಕ್ಕರು. ಅಮ್ಮ ಲೋಟ ತೊಳೆಯಲು ಹೋದಳು.

ಶಾಲಾ ಕಲೋತ್ಸವದಿಂದ ಹಿಡಿದು ಕಾಲೇಜಿನ ಚರ್ಚಾಸ್ಪರ್ಧೆಗಳವರೆಗೆ ನಾನು ಗಟ್ಟಿಯಾಗಿ ಕಲಿತದ್ದು ಒಂದು: ಸಾಬೀತು ಮಾಡುವ ಹೊಣೆ ಹೇಳಿದವರದ್ದು. ಪುಡಿಗೆ ಗುಣವಿದೆ ಎಂದು ಸಾಬೀತು ಮಾಡಲು ಅಮ್ಮನಿಂದ ಆಗಲಿಲ್ಲ. ಆದ್ದರಿಂದ ಗುಣವಿಲ್ಲ ಎಂದುಕೊಂಡೆ. ಗುಣವಿಲ್ಲದ್ದು ಕೇಡನ್ನೂ ಮಾಡದು ಎಂದುಕೊಂಡೆ. ಈ ಎರಡನೆಯ ಹೆಜ್ಜೆಯನ್ನು ಎದುರು ತಂಡ ಇಟ್ಟಿದ್ದರೆ ಅಲ್ಲೇ ಹಿಡಿದು ಜಗ್ಗುತ್ತಿದ್ದೆ.

ಎರಡು ತಿಂಗಳು ಕಳೆದು ಪುನಃ ತೋರಿಸಲು ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಅಮ್ಮ ಮೆಲ್ಲ ಹೇಳಿದಳು, "ಪುಡಿಯ ವಿಷಯ ಇಂಗ್ಲಿಷ್ ಮದ್ದಿನ ಡಾಕ್ಟರಿಗೆ ಹೇಳಬೇಕು ಅಂತ ಪಂಡಿತರು ಹೇಳಿದ್ದಾರೆ."

"ಹಿಟ್ಟು ತಿಂದದ್ದನ್ನೂ ಹೇಳುವುದಾ ಅಮ್ಮ? ಸುಮ್ಮನೆ ಮರ್ಯಾದೆ ಹೋಗ್ತದೆ."

ಒಳಗೆ ಡಾಕ್ಟರು ಕೇಳಿದರು, "ಬೇರೆ ಮದ್ದು ಏನಾದರೂ ಉಂಟಾ?" ಅಮ್ಮ ಬಾಯಿ ತೆರೆಯುವ ಮೊದಲೇ ನಾನು "ಇಲ್ಲ" ಎಂದೆ. ನಡುಕ ಇನ್ನೂ ಪೂರ್ತಿ ನಿಂತಿಲ್ಲವೆಂದು ಅವರು ಮಾತ್ರೆಯ ಪ್ರಮಾಣ ಹೆಚ್ಚಿಸಿದರು.

ಎರಡು ವಾರ ಆಗಿರಬೇಕು. ಮಧ್ಯಾಹ್ನ ಊಟದ ನಡುವೆ ಅಪ್ಪ ಎದ್ದು ಜಗಲಿಗೆ ಹೋದರು. ಕುತ್ತಿಗೆ, ಭುಜ ತಮ್ಮಷ್ಟಕ್ಕೆ ತಿರುಚಿಕೊಳ್ಳುತ್ತಿದ್ದವು. ಖಾಲಿ ಜಗಲಿಯನ್ನು ನೋಡಿ, "ಸ್ವಲ್ಪ ಒಳಗೆ ಸರೀರಿ, ಹೆಂಗಸರಿಗೆ ಜಾಗ ಬಿಡಿ" ಎಂದರು. ಸಿಟ್ಟಿನಲ್ಲಲ್ಲ, ಜೀಪು ಓಡಿಸುತ್ತಿದ್ದಾಗಿನ ಅದೇ ಧ್ವನಿಯಲ್ಲಿ. ಕೈ ಹಿಡಿಯಲು ಹೋದ ಅಮ್ಮನನ್ನು ದೂಡಿದರು. "ಇದರಲ್ಲಿ ಹಿಡಿಸುವುದಿಲ್ಲ, ನೀವು ಮುಂದಿನ ಜೀಪಿಗೆ ಬನ್ನಿ."

ಮರುದಿನ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಈ ಸಲ ಅಮ್ಮ ಚೀಲದಿಂದ ಪುಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅವರು ಡಬ್ಬಿಗೆ ಅಂಟಿಸಿದ್ದ ಚೀಟಿ ಓದಿದರು.

"ಮಾತ್ರೆಯಲ್ಲಿ ಇರುವುದೇ ಈ ಬೀಜದಲ್ಲಿಯೂ ಉಂಟು. ಎರಡೂ ಸೇರಿ ಹೆಚ್ಚಾಗಿದೆ. ಗೊತ್ತಿದ್ದರೆ ನಾನು ಹೆಚ್ಚು ಮಾಡುತ್ತಿರಲಿಲ್ಲ."

ಇದನ್ನು ಅವರು ಅಮ್ಮನ ಮುಖ ನೋಡಿ ಹೇಳಿದರು. ನಾನು ಡಬ್ಬಿಯ ಮುಚ್ಚಳ ನೋಡುತ್ತ ಕೂತೆ.

ಪುಡಿ ನಿಲ್ಲಿಸಿ, ಮಾತ್ರೆ ಇಳಿಸಿದ ಮೇಲೆ ಜಗಲಿಯ ಜನ ದಿನಕ್ಕಿಷ್ಟು ಕಡಿಮೆಯಾದರು. ಅಷ್ಟರಲ್ಲಿ ಅಪ್ಪನ ಅಕ್ಕ ಬಂದು ನಮ್ಮಲ್ಲೇ ಉಳಿದರು. ಮಾತ್ರೆಗಳನ್ನೆಲ್ಲ ತಾನು ಮಲಗುವ ಕೋಣೆಗೆ ಒಯ್ದರು. "ಇನ್ನು ಅವನ ಮದ್ದು ನಾನೇ ಕೊಡ್ತೇನೆ. ನಿನ್ನ ಕೈಯಲ್ಲಿ ಬೇಡ ಮಾರಾಯ್ತಿ."

"ಆಯ್ತು ಅತ್ತಿಗೆ, ನನ್ನದೇ ತಪ್ಪು" ಎಂದಳು ಅಮ್ಮ.

ನಾನು ಆಗಲೂ ಅಲ್ಲೇ ಇದ್ದೆ. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ಸಮರ್ಥಿಸಬಲ್ಲ ನನ್ನ ಬಾಯಿಂದ ಒಂದೇ ಒಂದು ವಾಕ್ಯ ಹೊರಡಲಿಲ್ಲ.

ಈಗ ಅತ್ತೆ ಮಾತ್ರೆ ಕೊಡುವಾಗ ಅಮ್ಮ ನೀರಿನ ಲೋಟ ಇಟ್ಟು ಬಾಗಿಲಿಗೆ ಸರಿಯುತ್ತಾಳೆ. ಅಪ್ಪ ಅವಳತ್ತ ಒಮ್ಮೆ ನೋಡಿ, ನಂತರ ಬಾಯಿ ತೆರೆಯುತ್ತಾರೆ. ಇದನ್ನು ಎಷ್ಟೋ ದಿನ ನೋಡಿದ ಮೇಲೆ ನಿನ್ನೆ ಎದ್ದೆ. ಅತ್ತೆಯ ಹತ್ತಿರ ಹೋಗಬೇಕಾದವಳು ಅಡುಗೆಮನೆಗೆ ಹೋಗಿ, ಬಸಳೆ ಬಿಡಿಸುತ್ತಿದ್ದ ಅಮ್ಮನ ಪಕ್ಕ ಕೂತೆ.

"ಅಮ್ಮ, ಡಾಕ್ಟರಿಗೆ ಹೇಳುವುದು ಬೇಡ ಅಂದದ್ದು ನಾನು ಅಂತ ಅತ್ತೆಗೆ ನೀನು ಯಾಕೆ ಹೇಳಲಿಲ್ಲ?"