ಮಹಾಲಾ ಎರವಲು ಕೊಟ್ಟ ಹಂಡೆ

ಲಿಟಲ್ ರಾಕ್ ಪಟ್ಟಣದಲ್ಲಿ ಮಹಾಲಾಳಷ್ಟು ಬೆಳ್ಳಗೆ ಬಟ್ಟೆ ಒಗೆಯುವವರಿರಲಿಲ್ಲ. ಅವಳಷ್ಟು ಹೊಟ್ಟೆಕಿಚ್ಚಿನವರೂ ಇರಲಿಲ್ಲ. ಎರಡನ್ನೂ ಅವಳೇ ಒಪ್ಪಿಕೊಳ್ಳುತ್ತಿದ್ದಳು. ನ್ಯಾಯಾಧೀಶರ ಮನೆಯ ತೊತ್ತಾಗಿದ್ದ ಅವಳಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದವು ಎರಡೇ: ತಾಯಿಯಿಂದ ಬಂದ ಕಬ್ಬಿಣದ ಹಂಡೆ, ಪಕ್ಕದ ಬೀದಿಯ ಕಮ್ಮಾರನ ಗುಲಾಮ ಅಬ್ನರ್. ಏಳು ವರ್ಷಗಳ ಹಿಂದೆ ಇಬ್ಬರೂ ಕೈಹಿಡಿದು ನೆಲಕ್ಕಿಟ್ಟ ಪೊರಕೆಯನ್ನು ದಾಟಿದ್ದರು. ಗುಲಾಮರಿಗೆ ಅದೇ ಮದುವೆ, ಅದೇ ಮಂತ್ರ.

೧೮೬೩ರ ವಸಂತದಲ್ಲಿ ನ್ಯಾಯಾಧೀಶರ ಹೆಂಡತಿ, ದೊರೆಸಾನಿ, ಟೆಂಪಿ ಎಂಬವಳನ್ನು ಕೊಂಡು ತಂದಳು. ಮಹಾಲಾಳನ್ನು ನೋಡಲು ಬಂದ ಅಬ್ನರ್ ಅವಳನ್ನು ಕಂಡೊಡನೆ ಅಂಗಳದಲ್ಲೇ ಹೆಸರು ಹಿಡಿದು ಕೂಗಿದ. ಮಹಾಲಾಳಿಗಿಂತ ಮೊದಲು ಅವನು ಪೊರಕೆ ದಾಟಿದ್ದು ಇವಳೊಡನೆ. ಮಾರಾಟವಾಗಿ ಮರೆಯಾದವಳು ಹನ್ನೊಂದು ವರ್ಷಗಳ ಮೇಲೆ ಕೆಮ್ಮುತ್ತ ಎದುರಿಗೆ ನಿಂತಿದ್ದಳು.

ಅಂದಿನಿಂದ ಪ್ರತಿ ಶನಿವಾರ ಬರುವ ಅಬ್ನರನ ಕಣ್ಣೋಟವನ್ನು ಮಹಾಲಾ ಕಾಯತೊಡಗಿದಳು. ಅವನು ಟೆಂಪಿಯ ರೊಟ್ಟಿಯನ್ನು ಹೊಗಳಿದರೆ ಅವಳ ಒಡಲು ಉರಿಯುತ್ತಿತ್ತು. ಹೊಗಳದಿದ್ದರೆ ಇನ್ನೂ ಹೆಚ್ಚು.

ಸೆಪ್ಟೆಂಬರಿನಲ್ಲಿ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧ ನಿಂತ ಉತ್ತರದ ರಾಜ್ಯಗಳ ಸೇನೆ ಲಿಟಲ್ ರಾಕನ್ನು ಹಿಡಿಯಲು ನದಿಯ ಆಚೆ ದಡಕ್ಕೆ ಬಂತು. ಅದು ಊರು ಹೊಕ್ಕರೆ ಗುಲಾಮರಿಗೆಲ್ಲ ಬಿಡುಗಡೆ. ಅದಕ್ಕೇ ದೊರೆಗಳು ಗುಲಾಮರನ್ನು ಗಾಡಿಗೆ ಹೇರಿಕೊಂಡು, ಸೇನೆ ಮುಟ್ಟದ ಟೆಕ್ಸಾಸಿಗೆ ಹೊರಟರು. ಕಮ್ಮಾರ ಮಾತ್ರ ಊರು ಬಿಡಲಿಲ್ಲ. ನ್ಯಾಯಾಧೀಶರ ಗಾಡಿ ಹೊರಡುವ ಹಿಂದಿನ ದಿನ ಟೆಂಪಿ ಬಂದಳು.

“ಅಕ್ಕಾ, ನಿನ್ ಹಂಡೆ ಎರವಲು ಕೊಡ್ತೀಯಾ?”

“ಗಂಡ ಸಾಲ್ದು ಅಂತ ಹಂಡೇನೂ ಬೇಕೇನೇ?”

“ಗಾಡಿ ಹೋಗೋವರ್ಗೂ ಬಟ್ಟೆ ಒಗೆಯೋ ಕೊಟ್ಟಿಗೇಲಿ ನೆಲದ ಹಲಗೆ ಕೆಳಗೆ ಅಡಗಿಕೋತೀನಿ. ಈ ಹಾಳು ಕೆಮ್ಮೊಂದು…”

ಮಹಾಲಾಳಿಗೆ ಅರ್ಥವಾಯಿತು. ಬಾಗಿಲಲ್ಲಿ ಹಂಡೆಯನ್ನು ಬೋರಲು ಹಾಕಿದರೆ ಅದು ಒಳಗಿನ ದನಿಯನ್ನು ನುಂಗುತ್ತದೆಂಬುದು ಅವರೆಲ್ಲರ ನಂಬಿಕೆ. ಕದ್ದು ಪ್ರಾರ್ಥಿಸುವಾಗಲೆಲ್ಲ ಹಾಗೆಯೇ ಮಾಡುತ್ತಿದ್ದರು. ಕೇಳಿಕೊಂಡು ಬಂದವಳಿಗೆ ಇಲ್ಲವೆನ್ನಲು ಅವಳ ಅಭಿಮಾನ ಒಪ್ಪಲಿಲ್ಲ. ಕೊಟ್ಟಳು.

ಮರುದಿನ ಬೆಳಿಗ್ಗೆ ದೊರೆಸಾನಿ ಕೊಟ್ಟಿಗೆಗೆ ನುಗ್ಗಿದಳು.

“ಟೆಂಪಿ ಎಲ್ಲೇ? ನಿನ್ನ ಕೈ ಕೀಲು ಹಿಡಿದಿದೆ, ದಾರೀಲಿ ನೀನು ಬರೀ ಹೊರೆ. ಅವಳನ್ನ ತೋರ್ಸು, ನಿನ್ನನ್ನ ಇಲ್ಲೇ ಬಿಡ್ತೀನಿ. ಅಬ್ನರ್ ನಿನಗೇ ಇರ್ಲಿ. ಇಲ್ದಿದ್ರೆ ನೀನೇ ಗಾಡಿ ಹತ್ತು.”

ಒಂದೇ ಮಾತು. ಟೆಂಪಿ ಟೆಕ್ಸಾಸಿಗೆ, ಅಬ್ನರ್ ತನಗೆ. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹಲಗೆಯಡಿಯಿಂದ ಕೆಮ್ಮು ಎದ್ದಿತು. ಹಂಡೆ ಅದನ್ನು ನುಂಗಲಿಲ್ಲ. ಯೋಚಿಸುವ ಮೊದಲೇ ಮಹಾಲಾ ತಾನೇ ಬಗ್ಗಿ ದೊಡ್ಡದಾಗಿ ಕೆಮ್ಮಿದಳು.

“ಒಗೆಯೋ ದಿನ ಹಂಡೆ ಯಾಕೆ ಬೋರಲು?”

“ತುಕ್ಕು ಹಿಡೀಬಾರ್ದು ಅಂತ, ಅಮ್ಮಾವ್ರೇ. ಆ ಬಿನ್ನಾಣಗಿತ್ತೀನಾ ಕೇಳ್ತಿರೋದು? ನಸುಕಿನಲ್ಲೇ ನದಿ ದಾರಿ ಹಿಡಿದ್ಳು. ನನ್ನ ಪಾಲಿಗೆ ಪೀಡೆ ತೊಲಗ್ತು!”

ಮಾತು ಸುಳ್ಳು, ಅದರೊಳಗಿನ ಕಿಚ್ಚು ಅಪ್ಪಟ. ಆದ್ದರಿಂದಲೇ ದೊರೆಸಾನಿ ನಂಬಿದಳು. ಮಹಾಲಾಳ ರಟ್ಟೆ ಹಿಡಿದು ಎಳೆಯುವಷ್ಟರಲ್ಲಿ ಫಿರಂಗಿ ಗುಡುಗಿತು. ನ್ಯಾಯಾಧೀಶರು ಗಾಡಿಯಿಂದ ಕೂಗಿಕೊಂಡರು. ದೊರೆಸಾನಿ ಹಿಡಿದ ಕೈ ಬಿಟ್ಟು ಓಡಿದಳು. ಅಂದು ಸಂಜೆ ನೀಲಿ ಅಂಗಿಯ ಉತ್ತರದ ಸೈನಿಕರು ಊರು ಹೊಕ್ಕರು.

ಕೆಲವು ವಾರಗಳ ಮೇಲೆ ಸೇನೆಯ ಪಾದ್ರಿ ಪೊರಕೆಯ ಮದುವೆಗಳನ್ನು ಕಾಗದಕ್ಕಿಳಿಸತೊಡಗಿದರು. ಒಬ್ಬ ಗಂಡಿಗೆ ಒಬ್ಬಳೇ ಹೆಂಡತಿಯ ಹೆಸರು. ಅಬ್ನರ್ ಇಬ್ಬರ ನಡುವೆ ತಲೆ ತಗ್ಗಿಸಿ ನಿಂತ.

“ಮಹಾಲಾ, ನಾನು ಮೊದಲು…”

“ಗೊತ್ತು, ಬಾಯ್ಮುಚ್ಚು. ಅವಳ ಹೆಸರೇ ಬರೆಸು. ನನ್ನ ಹೆಸರು ಬರೆಸಿ ಅವಳನ್ನ ನೆನೀತಾ ನನ್ನ ಮನೇಲಿ ಕೂರೋದು ಬೇಡ.”

ಆ ಮೇಲೆ ಮೂವತ್ತೊಂದು ವರ್ಷ ಮಹಾಲಾ ಅದೇ ಹಂಡೆಯಲ್ಲಿ ಊರಿನ ಬಟ್ಟೆ ಕುದಿಸಿ, ಕೂಲಿಯನ್ನು ತಾನೇ ಎಣಿಸಿಕೊಂಡು ಬದುಕಿದಳು. ಟೆಂಪಿಯ ಮನೆಯ ಬಟ್ಟೆ ಮಾತ್ರ ಮುಟ್ಟಲಿಲ್ಲ. ಅಂದಿನದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಯಾರಾದರೂ ಕೆದಕಿದರೆ, ಬಟ್ಟೆ ಹಿಂಡುತ್ತಲೇ ಹೇಳುತ್ತಿದ್ದಳು:

“ಸುಳ್ಳು ಹೇಳಿದ್ದಕ್ಕಾ? ಇಲ್ಲ. ಹಂಡೆ ಕೊಟ್ಟಿದ್ದಕ್ಕೆ. ವಾಪಸ್ ಬಂದಾಗ ಒಳಗೆಲ್ಲ ತುಕ್ಕು.”