ಏಳನೇ ಹೋಲಿನ ನೂರ ಅರವತ್ತು ಹೆಜ್ಜೆ

ಗಾಲ್ಫ್ ಕ್ಲಬ್ಬಿನ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದಾಗ ಆ ಆಟದ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ಸಂಗತಿ: ಚೆಂಡು ಚಿಕ್ಕದು, ಮೈದಾನ ದೊಡ್ಡದು. ಇಷ್ಟು ಜ್ಞಾನ ಇಟ್ಟುಕೊಂಡು ಮೊದಲ ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದೆ. ಯಾರಾದರೂ ದೊಡ್ಡವರ ಕಣ್ಣಿಗೆ ಬೀಳುವಂಥ ಕೆಲಸ ಮಾಡಬೇಕೆಂಬ ಹುರುಪು. ಹುಲ್ಲಿನ ಮೇಲೆ ಅಲ್ಲಲ್ಲಿ ಬಿಳಿ ಬಣ್ಣ ಬಳಿದ ಮರದ ಗುಂಡುಗಳು ಎರಡೆರಡಾಗಿ ಬಿದ್ದಿದ್ದವು. ಹಿಂದಿನ ದಿನ ಆಡಿದವರು ಮರೆತು ಹೋಗಿದ್ದಾರೆ, ದೊಡ್ಡವರ ಮರೆವೂ ದೊಡ್ಡದೇ ಎಂದುಕೊಂಡೆ. ಒಂಬತ್ತು ಹೋಲ್‌ಗಳನ್ನೂ ಸುತ್ತಿ, ಹದಿನೆಂಟು ಗುಂಡುಗಳನ್ನೂ ಚೀಲಕ್ಕೆ ತುಂಬಿ, ಬೆನ್ನ ಮೇಲೆ ಹೊತ್ತು ತಂದು ಸ್ಟೋರ್ ರೂಮಿನಲ್ಲಿ ಇಟ್ಟೆ. ಸುಮ್ಮನೆ ಇಡಲಿಲ್ಲ, ಒರೆಸಿ ಇಟ್ಟೆ.

ಅವತ್ತು ಕ್ಲಬ್ಬಿನ ಸ್ಪರ್ಧೆ. ಎಂಟು ಗಂಟೆಗೆ ನಲವತ್ತು ಜನ ಕೋಲು ಹಿಡಿದು ನಿಂತಿದ್ದರು, ಎಲ್ಲಿಂದ ಹೊಡೆಯಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ.

"ಯಾರಪ್ಪಾ ಆ ಪುಣ್ಯಾತ್ಮ?" ಎಂಬ ದನಿ ಸ್ಟೋರ್ ರೂಮಿನ ಕಡೆಯಿಂದ ಬಂತು. ದನಿಯ ಹಿಂದೆ ಮೇಸ್ತ್ರಿ ಬಂದರು. ಮೈದಾನದ ಹುಲ್ಲು, ಮಣ್ಣು, ನೀರು ಎಲ್ಲಕ್ಕೂ ಅವರೇ ಯಜಮಾನರು. ಒಣಗಿದ ಮೈಕಟ್ಟು, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇನಾ ಒರೆಸಿದ್ದು?"

"ಹೌದು. ಕೊಳೆಯಾಗಿತ್ತು."

"ಬನ್ನಿ ಅಳಿಯಂದಿರೇ. ಒರೆಸಿದವರೇ ಹೊತ್ಕೊಂಡು ಬನ್ನಿ. ನಾನು ಇಡ್ತೀನಿ."

ಅವರಿಗೆ ಮಗಳಿರಲಿಲ್ಲ. ಆದರೂ ಅಂದಿನಿಂದ ನಾನು ಅಳಿಯನಾದೆ. ಇಡೀ ಕ್ಲಬ್ಬು ನನ್ನನ್ನು ಹಾಗೇ ಕರೆಯತೊಡಗಿತು. ಸಂಬಳ ಬಿಟ್ಟರೆ ನನಗೆ ಅಲ್ಲಿ ಸಿಕ್ಕಿದ ಏಕೈಕ ಗೌರವ ಅದು.

ಚೀಲ ಹೊತ್ತು ಅವರ ಹಿಂದೆ ನಡೆಯುತ್ತಾ ಕಲಿತದ್ದು ಇಷ್ಟು. ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಎನ್ನುತ್ತಾರೆ. ಪ್ರತಿ ಹೋಲಿಗೂ ಎರಡು ಟೀ: ಹಿಂದಿನದಕ್ಕೆ ಬಿಳಿ ಗುರುತು, ಮುಂದಿನದಕ್ಕೆ ಹಳದಿ. ದಿನನಿತ್ಯ ಯಾರು ಎಲ್ಲಿಂದ ಬೇಕಾದರೂ ಆಡಬಹುದು, ಆದರೆ ಸ್ಪರ್ಧೆ ಬಿಳಿಯಿಂದಲೇ. ಸ್ಪರ್ಧೆಯ ದಿನ ಬೆಳಕು ಹರಿಯುವ ಮೊದಲೇ ಮೇಸ್ತ್ರಿ ಒಬ್ಬರೇ ಹೋಗಿ ಬಿಳಿ ಗುಂಡುಗಳನ್ನು ಇಟ್ಟು ಬರುತ್ತಿದ್ದರು. ಎಂಟು ಹೋಲ್‌ಗಳಲ್ಲಿ ನೆಲದಲ್ಲಿ ಹೂತ ಕಲ್ಲುಗಳಿದ್ದವು, ಅವುಗಳ ಪಕ್ಕ ಇಟ್ಟರಾಯಿತು. ಏಳನೇ ಹೋಲಿನ ಕಲ್ಲು ಮಾತ್ರ ಯಾವುದೋ ಕಾಲದಲ್ಲಿ ಮಣ್ಣು ತುಂಬಿಸುವಾಗ ಒಳಗೆ ಹೋಗಿ, ಎಲ್ಲಿದೆಯೆಂದು ಯಾರಿಗೂ ತಿಳಿಯದಾಗಿತ್ತು. ಅಲ್ಲಿ ಅಡ್ಡಲಾಗಿ ಒಂದು ಕಾಲುವೆ. ಮೇಸ್ತ್ರಿ ಕಾಲುವೆಯ ಅಂಚಿಗೆ ಹಿಮ್ಮಡಿ ಊರಿ ನಿಂತು, ಬೆನ್ನು ತಿರುಗಿಸಿ, ತುಟಿಯಲ್ಲೇ ಎಣಿಸುತ್ತಾ ನೂರ ಅರವತ್ತು ಹೆಜ್ಜೆ ನಡೆದರು. ನಿಂತಲ್ಲಿ ಗುಂಡು ಇಟ್ಟರು.

"ಟೇಪು ಇಲ್ವಾ ಮೇಸ್ತ್ರಿಗಳೇ?" ಎಂದೆ.

"ಇತ್ತು. ನಾನು ಕೆಲಸಕ್ಕೆ ಸೇರಿದಾಗ ಆಗಿನ ಕ್ಯಾಪ್ಟನ್ನು ನನ್ನ ಹೆಜ್ಜೆ ಪಕ್ಕ ಟೇಪು ಹಿಡಿಸಿ ನೋಡಿದ್ರು. ನೂರ ಅರವತ್ತು ಹೆಜ್ಜೆ, ನೂರ ಅರವತ್ತು ಗಜ. ಒಂದು ಬೆರಳು ಆಚೀಚೆ ಇಲ್ಲ. ಟೇಪು ಸುತ್ತಿ ಒಳಗಿಟ್ರು, ಮತ್ತೆ ತೆಗೀಲಿಲ್ಲ." ಎರಡನೇ ಗುಂಡು ಸರಿಮಾಡುತ್ತಾ ಹೇಳಿದರು, "ನಮ್ಮನೆ ಬಾಗಿಲಿಂದ ಕ್ಲಬ್ ಗೇಟಿಗೆ ಸಾವಿರದ ಎಂಟುನೂರು ಹೆಜ್ಜೆ. ಬಂದ ದಿನವೇ ಎಣಿಸಿದ್ದೆ."

ಆ ದಿನ ಕಳೆದು ಆಗಲೇ ಮೂವತ್ತೊಂದು ವರ್ಷವಾಗಿತ್ತು. ಟೇಪನ್ನು ಇಲಿಗಳು ತಿಂದು ಮುಗಿಸಿದ್ದವು.

ಮುಂದೆ ಎಷ್ಟೋ ಸ್ಪರ್ಧೆಯ ದಿನ ನಾನೂ ಚೀಲ ಹೊತ್ತು ಅವರ ಜೊತೆ ಹೋದೆ. ಈಗ ಯೋಚಿಸಿದರೆ ಆ ಬೆಳಗುಗಳೇ ಹೆಚ್ಚು ನೆನಪಾಗುತ್ತವೆ. ಒದ್ದೆ ಹುಲ್ಲಿನಲ್ಲಿ ಮೂಡಿದ ಎರಡು ಸಾಲು ಹೆಜ್ಜೆ ಗುರುತು, ಒಂದು ನೇರ, ಇನ್ನೊಂದು ನನ್ನದು. ಸ್ಟೋರ್ ರೂಮಿನಲ್ಲಿ ಬಣ್ಣ, ಎಣ್ಣೆ, ಕತ್ತರಿಸಿದ ಹುಲ್ಲು ಮೂರೂ ಸೇರಿದ ವಾಸನೆ. ಮೇಸ್ತ್ರಿ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸಿ, "ಕುಡೀರಿ, ಅತ್ತೆ ಕಳಿಸಿದ್ದು" ಎನ್ನುತ್ತಿದ್ದರು. ಅಂದರೆ ಅವರ ಹೆಂಡತಿ. ನನ್ನ ಅಮ್ಮನಿಗೆ ಇದನ್ನು ಹೇಳಿದರೆ, "ಹೆಣ್ಣಿಲ್ಲದ ಮನೆಗೆ ಅಳಿಯ ಆಗೋಕೆ ನಿನ್ನಿಂದ ಮಾತ್ರ ಸಾಧ್ಯ" ಎಂದಳು.

ಏಳನೇ ಹೋಲಿನ ಕಾಲುವೆ ಕ್ಲಬ್ಬಿನ ಹಿರಿಯರಿಗೆಲ್ಲ ಪ್ರತಿಷ್ಠೆಯ ವಿಷಯವಾಗಿತ್ತು. ಅದರಲ್ಲೂ ನಿವೃತ್ತ ಹೆಡ್ಮಾಸ್ಟರಿಗೆ. ಮೇಸ್ತ್ರಿ ಸೇರಿದ ವರ್ಷವೇ ಸದಸ್ಯರಾದವರು. ಎಪ್ಪತ್ತೆರಡು ವಯಸ್ಸು. ಪ್ರತಿ ಸ್ಪರ್ಧೆಯಲ್ಲೂ ಮೊದಲ ಹೊಡೆತಕ್ಕೇ ಚೆಂಡು ಕಾಲುವೆ ದಾಟಿ ಬಿದ್ದೊಡನೆ ಕೋಲನ್ನು ಬೆತ್ತದಂತೆ ಕಂಕುಳಿಗೆ ಸಿಕ್ಕಿಸಿಕೊಂಡು, "ಮೂವತ್ತು ವರ್ಷದಿಂದ ಇದೇ ಬಿಳಿ, ಇದೇ ಕಾಲುವೆ" ಎಂದು ಸುತ್ತಲಿದ್ದವರನ್ನು ನೋಡುತ್ತಿದ್ದರು. ಸುತ್ತಲಿದ್ದವರು ಹೋಂವರ್ಕ್ ಮಾಡದ ಮಕ್ಕಳಂತೆ ತಲೆ ತಗ್ಗಿಸುತ್ತಿದ್ದರು.

ನಾನು ಸೇರಿದ ನಾಲ್ಕನೇ ವರ್ಷ ಕ್ಲಬ್ಬಿನ ಆಡಳಿತ ನೋಡಲು ಹೊಸ ಕ್ಯಾಪ್ಟನ್ ಬಂದರು. ಹಲ್ಲಿನ ಡಾಕ್ಟರು, ನಲವತ್ತು ದಾಟಿರಲಿಲ್ಲ. ಬಂದ ತಿಂಗಳೇ ನನ್ನಿಂದ ಒಂದು ನೋಟಿಸು ಟೈಪ್ ಮಾಡಿಸಿದರು: ಅರವತ್ತು ದಾಟಿದವರು ಸ್ಪರ್ಧೆಯಲ್ಲಿ ಹಳದಿ ಟೀಯಿಂದ ಆಡತಕ್ಕದ್ದು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಹಿರಿಯರಿಗೆ ಸುಲಭವಾಗಲಿ ಎಂದೇ. ಆದರೆ ಅದೇ ಸಂಜೆ ಹೆಡ್ಮಾಸ್ಟರು ಆ ನೋಟಿಸನ್ನು ಕಿತ್ತು, ಕೆಂಪು ಶಾಯಿಯಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿ, ಸಭೆಯ ಮೇಜಿನ ಮೇಲಿಟ್ಟರು. ತಪ್ಪು ನನ್ನವು.

"ಕ್ಯಾಪ್ಟನ್, ಬಿಳಿಯಿಂದ ಕಾಲುವೆ ದಾಟಿಸೋಕಾಗದ ದಿನ ನಾನೇ ಬ್ಯಾಗು ಹೊತ್ಕೊಂಡು ಮನೆಗೆ ಹೋಗ್ತೀನಿ. ಮತ್ತೆ ಈ ಗೇಟಿನೊಳಗೆ ಕಾಲಿಡಲ್ಲ."

"ಅಷ್ಟು ದೊಡ್ಡ ಮಾತು ಯಾಕೆ ಸಾರ್?" ಕ್ಯಾಪ್ಟನ್ ನಕ್ಕರು. "ಭಾನುವಾರ ಎಲ್ಲರೆದುರಿಗೆ ಹೊಡೀರಿ. ದಾಟಿದ್ರೆ ನೋಟಿಸು ವಾಪಸ್. ಆದ್ರೆ ನೂರ ಅರವತ್ತು ಗಜ ಸರಿಯಾಗಿ ಅಳೆದು ಇಡಿಸ್ತೀನಿ." ನನ್ನ ಕಡೆ ತಿರುಗಿದರು. "ಅಳಿಯಂದಿರೇ, ಹೊಸ ಅಳತೆ ಚಕ್ರ ಬಂದಿದೆಯಲ್ಲ, ನಾಳೆ ಒಂದು ಸಲ ಉರುಳಿಸಿಬಿಡಿ."

ಚಕ್ರವೆಂದರೆ ಉದ್ದ ಹಿಡಿಯ ತುದಿಗೊಂದು ಗಾಲಿ, ಗಜಕ್ಕೊಂದು ಸಲ ಟಿಕ್ ಎನ್ನುತ್ತದೆ. ಶನಿವಾರ, ಅಳತೆಗಾಗಿ ಒಂದು ದಿನ ಮೊದಲೇ, ಮೇಸ್ತ್ರಿ ಎಂದಿನಂತೆ ಹೆಜ್ಜೆ ಎಣಿಸಿ ಬಿಳಿ ಗುಂಡು ಇಟ್ಟು ಹೋದ ಮೇಲೆ ನಾನು ಕಾಲುವೆಯಿಂದ ಚಕ್ರ ಉರುಳಿಸಿದೆ. ಗುಂಡು ತಲುಪುವಾಗ ನೂರ ಇಪ್ಪತ್ತೆರಡು. ಯಂತ್ರ ಹೊಸದು, ಕೈ ನನ್ನದು, ತಪ್ಪಿರಲೇಬೇಕೆಂದು ಮತ್ತೆ ಉರುಳಿಸಿದೆ. ನೂರ ಇಪ್ಪತ್ತೆರಡು. ಮೂರನೇ ಸಲವೂ ಅಷ್ಟೇ.

ಆಗ ತಲೆಗೆ ಹೊಳೆಯಿತು. ಹೆಜ್ಜೆ ನೂರ ಅರವತ್ತೇ. ಆದರೆ ಅದನ್ನು ಇಟ್ಟ ಕಾಲಿಗೆ ಮೂವತ್ತೈದು ವರ್ಷ ಹೆಚ್ಚಾಗಿತ್ತು. ವರ್ಷಕ್ಕೊಂದು ಗಜದಂತೆ ಬಿಳಿ ಗುರುತು ಸದ್ದಿಲ್ಲದೆ ಮುಂದಕ್ಕೆ ಬಂದಿತ್ತು. ಆಟಗಾರರಿಗೆ ವಯಸ್ಸಾದಂತೆ ಮೈದಾನಕ್ಕೂ ಅಷ್ಟೇ ವಯಸ್ಸಾಗಿತ್ತು. ಹಳದಿ ಗುರುತಿನ ಪಕ್ಕದ ಕಲ್ಲು ಬೆಂಚಿನಲ್ಲಿ ಕೂತವರ ಜೊತೆ ಮಾತಾಡಲು ಮೊದಲೆಲ್ಲ ಬಿಳಿಯಿಂದ ಕೂಗಬೇಕಿತ್ತಂತೆ. ಈಗ ಪಿಸುಗುಟ್ಟಿದರೂ ಕೇಳುತ್ತಿತ್ತು. ಯಾರೂ ಯಾಕೆ ಅಂತ ಕೇಳಿರಲಿಲ್ಲ.

ಬರೆದುಕೊಟ್ಟರೆ ಮೇಸ್ತ್ರಿಯ ಹೆಜ್ಜೆಗೆ ಬೆಲೆಯಿಲ್ಲ, ಹೆಡ್ಮಾಸ್ಟರು ಕ್ಲಬ್ಬಿಗಿಲ್ಲ. ಬರೆಯದಿದ್ದರೆ ಕ್ಯಾಪ್ಟನ್ ತಾವೇ ಚಕ್ರ ಹಿಡಿಯುತ್ತಾರೆ, ನನ್ನ ಕೆಲಸವಿಲ್ಲ. ಇಂಥ ಹೊತ್ತಿನಲ್ಲಿ ಧೀರರು ಒಂದು ತೀರ್ಮಾನಕ್ಕೆ ಬರುತ್ತಾರೆ. ನಾನು ಚಕ್ರ ಹೆಗಲಿಗೇರಿಸಿಕೊಂಡು ಸೀದಾ ಸ್ಟೋರ್ ರೂಮಿಗೆ ಹೋಗಿ ಮೇಸ್ತ್ರಿಯ ಮುಂದೆ ನಿಂತೆ.

ಅವರು ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಉಜ್ಜುತ್ತಿದ್ದರು. "ಎಷ್ಟು ಬಂತು?"

"ನೂರ ಇಪ್ಪತ್ತೆರಡು."

ಉಜ್ಜುವುದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. "ಬಂದಷ್ಟು ಬರೀರಿ. ನಿಮಗೆ ಸಂಬಳ ಕೊಡೋದು ಅದಕ್ಕೆ ತಾನೇ?"

ಬರೆದೆ.

ಭಾನುವಾರ ಬೆಳಿಗ್ಗೆ ಚಕ್ರ ಹೇಳಿದ ನೂರ ಅರವತ್ತನೇ ಗಜದಲ್ಲಿ ಬಿಳಿ ಗುಂಡುಗಳು ಕೂತಿದ್ದವು. ಹೆಡ್ಮಾಸ್ಟರು ಬಂದು ನಿಂತು ಕಾಲುವೆಯತ್ತ ನೋಡಿದರು. ಆಮೇಲೆ ಬೆಂಚಿನತ್ತ. ಅಷ್ಟು ದೂರದ ಬೆಂಚನ್ನು ಕಂಡು ಎಲ್ಲವೂ ಅರ್ಥವಾಗಿರಬೇಕು. ಗುಂಪಿನ ಹಿಂದೆ ನಿಂತಿದ್ದ ಮೇಸ್ತ್ರಿಯನ್ನು ಹುಡುಕಿ ಒಂದು ಸಲ ನೋಡಿದರು. ಹೊಡೆದರು. ಚೆನ್ನಾಗಿಯೇ ಹೊಡೆದರು. ಚೆಂಡು ನೇರ ಹೋಗಿ ಕಾಲುವೆಯ ನಡುವೆ ಬಿತ್ತು.

ಹೆಡ್ಮಾಸ್ಟರು ಕೋಲನ್ನು ಬ್ಯಾಗಿಗೆ ಹಾಕಿ, ಬ್ಯಾಗು ಹೆಗಲಿಗೇರಿಸಿ ಗೇಟಿನ ಕಡೆ ಹೊರಟರು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮೇಸ್ತ್ರಿ ಅಡ್ಡ ಬಂದು ನಿಂತರು.

"ಎಲ್ಲಿಗೆ ಸಾರ್?"

"ಮನೆಗೆ. ಮಾತು ಕೊಟ್ಟಿದ್ದೆ."

"ಸಾಲಿನಲ್ಲಿ ಬನ್ನಿ. ಮಕ್ಕಳಿಗೆ ನೀವೇ ಕಲಿಸಿದ್ದಲ್ವಾ? ತಪ್ಪು ಅಳತೆ ಇಟ್ಟೋನು ನಾನು, ಗೇಟು ದಾಟೋ ಸರದಿ ಮೊದಲು ನಂದು. ಈ ವರ್ಷದ ಹುಲ್ಲು ಮುಗಿಸಿ ನಾನು ಹೋಗ್ತೀನಿ. ಅಲ್ಲಿವರೆಗೆ ನೀವು ಆಡ್ತಾ ಇರಿ." ಬ್ಯಾಗು ಇಸಿದುಕೊಂಡು ಹಳದಿ ಗುರುತಿನ ಕಡೆ ನಡೆದೇ ಬಿಟ್ಟರು. ಬ್ಯಾಗು ಹೋದ ಕಡೆ ಹೆಡ್ಮಾಸ್ಟರು ಹೋಗಲೇಬೇಕಾಯಿತು.

ಹಳದಿಯಿಂದ ಚೆಂಡು ಸಲೀಸಾಗಿ ದಾಟಿತು. ಕೋಲು ಮಾತ್ರ ಕಂಕುಳಿಗೆ ಹೋಗಲಿಲ್ಲ.

ಕ್ಯಾಪ್ಟನ್ ನೋಟಿಸನ್ನು ಬದಲಿಸಿದರು. ವಯಸ್ಸಿನ ಮಾತು ಹೋಯಿತು. ಸ್ಪರ್ಧೆಯ ಹಿಂದಿನ ದಿನ ಬೋರ್ಡಿನ ಮೇಲೆ ಎರಡು ಪಟ್ಟಿ, ಬಿಳಿ ಮತ್ತು ಹಳದಿ. ತನ್ನ ಟೀ ತಾನೇ ಆರಿಸಿ ಹೆಸರು ಬರೆಯುವುದು. ದೂರದ ಬಿಳಿಯಿಂದ ಆಡುವವರಿಗೆ ಲೆಕ್ಕದಲ್ಲಿ ಒಂದೆರಡು ಹೊಡೆತ ರಿಯಾಯಿತಿ. ಮೊದಲ ವಾರ ಹಳದಿಯ ಪಟ್ಟಿ ಮಧ್ಯಾಹ್ನದವರೆಗೂ ಖಾಲಿ ಇತ್ತು. ಕೊನೆಗೆ ಹೆಡ್ಮಾಸ್ಟರು ಬಂದು ದುಂಡಾದ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ಸಂಜೆಯೊಳಗೆ ಕೆಳಗೆ ಹನ್ನೊಂದು ಹೆಸರು ಸೇರಿದವು.

ವರ್ಷದ ಕೊನೆಗೆ ಮೇಸ್ತ್ರಿ ಹೇಳಿದಂತೆಯೇ ಹೋದರು. ಈಗ ಗುಂಡು ಇಡುವ ಕೆಲಸ ನನ್ನದು. ಚಕ್ರ ಟಿಕ್ ಟಿಕ್ ಎನ್ನುತ್ತದೆ, ನಾನು ಹಿಂದೆ ನಡೆಯುತ್ತೇನೆ, ಎಣಿಸುವ ಕಷ್ಟವೂ ಇಲ್ಲ. ಅವರ ಸ್ಟೋರ್ ರೂಮು ಖಾಲಿ ಮಾಡುವಾಗ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲ್ಲಿನ ಬರಹ ಕಂಡಿತು. ಮೇಲ್ಗಡೆ "ಮನೆಯಿಂದ ಗೇಟು". ಕೆಳಗೆ ವರ್ಷಕ್ಕೊಂದು ಸಂಖ್ಯೆ. 1800. ಮತ್ತೆ 1800. ಆಮೇಲೆ 1812. ಹಾಗೇ ಏರುತ್ತಾ ಕೊನೆಯ ಸಾಲಿನಲ್ಲಿ 2360.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಅತ್ತೆ ಫ್ಲಾಸ್ಕಿನ ಬದಲು ಲೋಟದಲ್ಲೇ ಕಾಫಿ ಕೊಟ್ಟರು. ಮೇಸ್ತ್ರಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಮೊಣಕಾಲಿಗೆ ಪಟ್ಟಿ. ಹುಲ್ಲಿನ ವಿಷಯ ಮುಗಿಯಿತು, ಹೆಡ್ಮಾಸ್ಟರ ವಿಷಯ ಮುಗಿಯಿತು, ಕಾಫಿಯೂ ಮುಗಿಯಿತು. ಲೋಟ ಕೆಳಗಿಟ್ಟು ಕೇಳಬೇಕಾದದ್ದನ್ನು ಕೇಳಿಯೇ ಬಿಟ್ಟೆ.

"ಮೇಸ್ತ್ರಿಗಳೇ, ತಪ್ಪು ತಿಳ್ಕೋಬೇಡಿ. ನಿಮ್ಮ ಹೆಜ್ಜೆ ಚಿಕ್ಕದಾಗ್ತಾ ಇದೆ ಅಂತ ಇಷ್ಟು ವರ್ಷವೂ ನಿಮಗೆ ಗೊತ್ತಿತ್ತಾ?"

"ಕಾಲು ನಂದು ಕಣಯ್ಯಾ" ಎಂದರು ಮೇಸ್ತ್ರಿ. "ನನಗೆ ಗೊತ್ತಾಗದೆ ಪಕ್ಕದ ಮನೆಯವರಿಗೆ ಗೊತ್ತಾಗುತ್ತಾ?"