ಕಬ್ಬಿನ ಗದ್ದೆಯಲ್ಲಿ ಹುಟ್ಟಿದವಳು

ಕುಂತೂರು ಕಡೆಯ ಒಂದು ಅಂಗನವಾಡಿಯಲ್ಲಿ ನಾನು ಟೀಚರ್. ಮೂರು ವರ್ಷದ ಹಿಂದೆ ಮಗಳು ಚೊಚ್ಚಲ ಹೆರಿಗೆಗೆಂದು ಮನೆಗೆ ಬಂದಿದ್ದಳು. ಅದೇ ಹೊತ್ತಿಗೆ ಊರಾಚೆ ಕಬ್ಬು ಕಡಿಯುವವರ ಗುಡಿಸಲುಗಳೆದ್ದಿದ್ದವು. ಹನೂರಿನಾಚೆಯ ಬೆಟ್ಟದ ಕಡೆಯವರು. ಅವರಲ್ಲೊಬ್ಬಳು ತುಂಬು ಬಸುರಿ, ಆದರೂ ದಿನಾ ಗದ್ದೆಗೆ ಇಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಬದುವಿನ ಮೇಲೇ ಅವಳಿಗೆ ಹೆರಿಗೆಯಾಯಿತು. ಅತ್ತೆಯೇ ಹೊಕ್ಕುಳಬಳ್ಳಿ ಕೊಯ್ದಿದ್ದಳು. ಸುದ್ದಿ ತಿಳಿದು ನಾನು ಮಗು ತೂಗಲು ಓಡಿದೆ. ಹೆಣ್ಣು ಮಗು, ಎರಡು ಕೆಜಿಗೆ ಚೂರು ಮೇಲೆ.

"ಇಪ್ಪತ್ತೊಂದು ದಿನದೊಳಗೆ ಜನನ ಬರೆಸಬೇಕು ಕಣಪ್ಪ," ಎಂದು ಅವಳ ಗಂಡನಿಗೆ ಹೇಳಿದೆ.

"ಈ ಗದ್ದೆ ಮುಗೀಲಿ ಟೀಚರಮ್ಮ, ಓಯ್ತೀನಿ," ಎಂದ.

ಮಾರನೇ ದಿನವೇ ನನ್ನ ಮಗಳಿಗೆ ನೋವು ಬಂತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮೊಮ್ಮಗ ಹುಟ್ಟಿದ. ನಾವು ಯಾರನ್ನೂ ಏನೂ ಕೇಳಲಿಲ್ಲ. ಮನೆಗೆ ಹೊರಡುವಾಗ ಔಷಧಿ ಚೀಟಿಯ ಜೊತೆ ಜನನ ಪ್ರಮಾಣಪತ್ರವನ್ನೂ ಕೈಗಿಟ್ಟರು. ಬಾಣಂತನ ಮುಗಿಸಿ ನಾನು ಕೆಲಸಕ್ಕೆ ಮರಳಿದಾಗ ಗುಡಿಸಲುಗಳಿದ್ದ ಜಾಗ ಬರಿದಾಗಿತ್ತು. ಯಳಂದೂರು ಕಡೆ ಹೋದರಂತೆ. ಜನನ ಬರೆಸಿದರೋ ಇಲ್ಲವೋ ಎಂದು ನಾನು ವಿಚಾರಿಸಲಿಲ್ಲ. ನಿಜ ಹೇಳಬೇಕೆಂದರೆ, ಮರೆತೇಬಿಟ್ಟಿದ್ದೆ.

ಈ ಸಲ ಕಬ್ಬಿನ ಕೆಲಸಕ್ಕೆ ಮತ್ತೆ ಬಂದ ಆ ತಾಯಿ ಮಗುವನ್ನು ನಡೆಸಿಕೊಂಡು ಅಂಗನವಾಡಿಗೇ ಬಂದಳು. ಜನನ ಪತ್ರವಿಲ್ಲದೆ ಆಧಾರ್ ಆಗಿಲ್ಲ, ಆಧಾರ್ ಇಲ್ಲದೆ ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಲ್ಲ.

"ಯಾವತ್ತು ಹುಟ್ಟಿದ್ದು, ನೆನಪಿದೆಯಾ?"

"ನಿಮ್ಮ ಮೊಮ್ಮಗನ್ಗಿಂತ ಒಂದ್ ದಿನ ಮುಂಚೆ ಅಲ್ವಾ ಟೀಚರಮ್ಮ. ನಿಮ್ಗೇ ಗೊತ್ತಲ್ಲ," ಎಂದಳು.

ನನಗೆ ಗೊತ್ತಿತ್ತು. ಆದರೆ ನನಗೆ ಗೊತ್ತಿದ್ದರೆ ಸಾಲದು. ಅವಳನ್ನು ಕರೆದುಕೊಂಡು ಜನನ ಬರೆಸುವ ಕಚೇರಿಗೆ ಹೋದೆ.

"ಹೆರಿಗೆ ಎಲ್ಲಾಯ್ತಮ್ಮ?" ಎಂದು ಗುಮಾಸ್ತರು ಕೇಳಿದರು.

"ಕಬ್ಬಿನ ಗದ್ದೇಲಿ ಸಾ."

"ಆಸ್ಪತ್ರೆ ಚೀಟಿ? ತಾಯಿ ಕಾರ್ಡ್?"

ಬಸುರಿಯಾಗಿದ್ದಾಗ ಕೊಟ್ಟಿದ್ದ ತಾಯಿ ಕಾರ್ಡು ಎಂದೋ ಮಳೆಯಲ್ಲಿ ನೆಂದು ಹೋಗಿತ್ತು. ಅವರು ಒರಟಾಗೇನೂ ಮಾತಾಡಲಿಲ್ಲ. ವರ್ಷ ದಾಟಿದ್ದರಿಂದ ಕೊಳ್ಳೇಗಾಲದ ದೊಡ್ಡ ಸಾಹೇಬರ ಆದೇಶವೇ ಬೇಕು, ದಾಖಲೆಯಲ್ಲಿ ಹೆಸರಿಲ್ಲ ಎಂಬ ಪತ್ರ ಬೇಕು, ಅಫಿಡವಿಟ್ ಬೇಕು ಎಂದು ಹಾಳೆಯೊಂದರಲ್ಲಿ ಬರೆದುಕೊಟ್ಟರು. ಅವಳಿಗೆ ಓದಲು ಬಾರದು. ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ಅವಳ ಊರಿನ ಕಾಗದಕ್ಕೆಂದು ಹನೂರಿಗೆ ಒಮ್ಮೆ, ಅರ್ಜಿಗೆಂದು ಕೊಳ್ಳೇಗಾಲಕ್ಕೆ ಮೂರು ಸಲ ಅಲೆದೆವು. ಅವಳು ಗದ್ದೆಗೆ ಇಳಿಯದ ದಿನ ಅವಳ ಪಾಲಿನ ಸಾಲನ್ನೂ ಗಂಡನೇ ಕಡಿಯಬೇಕಿತ್ತು. ಮತ್ತೊಮ್ಮೆ ಹೊರಟಾಗ ಮೇಸ್ತ್ರಿ ಅವಳನ್ನು ಬಿಡಲಿಲ್ಲ. ಹಾಗೂ ಹೀಗೂ ಅರ್ಜಿ ಒಳಗೆ ಹೋಯಿತು. ವಿಚಾರಣೆಗೆ ದಿನ ಗೊತ್ತಾಗುವ ಹೊತ್ತಿಗೆ ಕಬ್ಬು ಮುಗಿದು ಅವರ ಲಾರಿ ಹೊರಟಿತ್ತು. ಗಂಡನ ನಂಬರಿಗೆ ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ವಿಚಾರಣೆಯ ದಿನ ನಾನೊಬ್ಬಳೇ ಹೋದೆ. ಹೆಸರು ಕೂಗಿದಾಗ ಎದ್ದು ನಿಂತೆ. "ಸಾರ್, ಹುಟ್ಟಿದ ದಿನ ಮಗು ತೂಗಿದವಳು ನಾನೇ," ಎಂದೆ.

ಸಾಹೇಬರು ಫೈಲು ತಿರುವಿ ನೋಡಿದರು. "ಅಪ್ಪನೋ ಅಮ್ಮನೋ ಬರದೆ ಆಗಲ್ಲಮ್ಮ. ನೀವು ಅವರಿಗೆ ಏನಾಗಬೇಕು?"

ಏನೂ ಆಗಬೇಕಿರಲಿಲ್ಲ. ಹಾಗೆಂದು ಹೇಳಿದೆ. ಅವರು ಫೈಲು ಪಕ್ಕಕ್ಕಿಟ್ಟು ಮುಂದಿನವರ ಹೆಸರು ಕರೆಸಿದರು.